ಹೊಸ ಸಂಸಾರದ ಲೆಕ್ಕ: ಅರ್ಧರ್ಧವೆಂಬುದು ನ್ಯಾಯವೆ?

ಇಬ್ಬರು ಸೇರಿ ಮೊದಲ ಸಂಸಾರ ಹೂಡಿದಾಗ ಹಾಲು ಉಕ್ಕಿಸುವ ಶಾಸ್ತ್ರ ಒಂದೇ ದಿನದಲ್ಲಿ ಮುಗಿದುಹೋಗುತ್ತದೆ. ಹಾಲಿನವನ ಲೆಕ್ಕ ಮಾತ್ರ ತಿಂಗಳು ತಿಂಗಳೂ ತಪ್ಪದೆ ಬರುತ್ತದೆ. ಬಾಡಿಗೆ, ವಿದ್ಯುತ್ತು, ಅಡಿಗೆಯ ಅನಿಲ, ಅಕ್ಕಿಬೇಳೆ, ದೂರವಾಣಿ, ಬಸ್ಸಿನ ಖರ್ಚು ಇವೆಲ್ಲ ಸಾಲಾಗಿ ಬಂದು ಬಾಗಿಲಲ್ಲಿ ನಿಂತಾಗ, ಯಾರು ಎಷ್ಟು ಕೊಡತಕ್ಕದ್ದು ಎಂಬ ಪ್ರಶ್ನೆ ಏಳುವುದು ಸಹಜ. ಗಂಡನೊಬ್ಬನೇ ದುಡಿದು ತರುತ್ತಿದ್ದ ಮನೆಗಳಲ್ಲಿ ಈ ಪ್ರಶ್ನೆ ಇರಲಿಲ್ಲವೆಂದಲ್ಲ. ಅದನ್ನು ಕೇಳುವ ಅಧಿಕಾರ ಹೆಂಡತಿಗೆ ಇರಲಿಲ್ಲ, ಅಷ್ಟೆ. ಈಗ ನಮ್ಮ ಬಳ್ಳಾರಿಯಂಥ ನಗರದಲ್ಲಿ, ಸಿರುಗುಪ್ಪದಿಂದಲೊ ಕುರುಗೋಡಿನಿಂದಲೊ ಬಂದು ಬಾಡಿಗೆಯ ಎರಡು ಕೋಣೆಗಳಲ್ಲಿ ನೆಲೆಸಿ, ಇಬ್ಬರೂ ದುಡಿಯುವ ತರುಣ ದಂಪತಿಗಳನ್ನು ಎಲ್ಲ ಬೀದಿಗಳಲ್ಲಿಯೂ ಕಾಣಬಹುದು. ಖರ್ಚನ್ನು ಹೇಗೆ ಹಂಚಿಕೊಳ್ಳುತ್ತೀರಿ ಎಂದು ಅವರನ್ನು ಕೇಳಿದರೆ, ಕೆಲವರು ನಕ್ಕು ಸುಮ್ಮನಾಗುತ್ತಾರೆ. ಮಿಕ್ಕವರು ತುಸು ಹೆಮ್ಮೆಯಿಂದಲೇ "ಅರ್ಧ ಅರ್ಧ" ಎನ್ನುತ್ತಾರೆ.

ಅರ್ಧರ್ಧವೆಂಬುದು ಕೇಳುವುದಕ್ಕೆ ಬಹು ನ್ಯಾಯವಾದ ಮಾತು. ಅದರಲ್ಲಿ ಯಾರೂ ದೊಡ್ಡವರಲ್ಲ, ಯಾರೂ ಚಿಕ್ಕವರಲ್ಲ. ಆದರೆ ಈ ಸರಳ ಗಣಿತವು ಅನೇಕ ವೇಳೆ ಅನ್ಯಾಯವನ್ನು ಅಂದವಾಗಿ ಮುಚ್ಚಿಡುವ ಹೊದಿಕೆಯಾಗುತ್ತದೆಂಬುದು ನಮ್ಮ ಅಭಿಪ್ರಾಯ. ಇಂದು ಪ್ರೌಢಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ಓದುತ್ತಿರುವ ನಮ್ಮ ವಾಚಕರು ಇನ್ನು ಕೆಲವು ವರ್ಷಗಳಲ್ಲಿ ಇಂಥ ಮನೆಗಳನ್ನು ಹೂಡತಕ್ಕವರು. ಆದಕಾರಣ ಈ ವಿಷಯವನ್ನು ಅವರ ಮುಂದೆ ಇಟ್ಟು ಕೊಂಚ ವಿಚಾರಮಾಡೋಣ.

ಭೌತವಿಜ್ಞಾನವನ್ನು ಬೋಧಿಸುವವರಿಗೆ ಅಡಿಗೆಮನೆಯ ಲೆಕ್ಕದಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಬಹುದು. ಕುಟುಂಬದ ಆಯವ್ಯಯವು ವಿಜ್ಞಾನದ ವಿಷಯವಾಗಿ ಬಹುಕಾಲವಾಯಿತು. ಜರ್ಮನಿಯ ಎರ್ನ್‌ಸ್ಟ್ ಎಂಗೆಲ್ ಎಂಬ ಸಂಖ್ಯಾಶಾಸ್ತ್ರಜ್ಞನು ಕೆಲಸಗಾರರ ಕುಟುಂಬಗಳ ಖರ್ಚಿನ ಪಟ್ಟಿಗಳನ್ನು ಪರಿಶೀಲಿಸಿ, ಆದಾಯ ಹೆಚ್ಚಿದಂತೆಲ್ಲ ಆಹಾರಕ್ಕೆ ತಗಲುವ ಪಾಲು ಕಡಮೆಯಾಗುತ್ತದೆ ಎಂಬ ನಿಯಮವನ್ನು ೧೮೫೭ರಲ್ಲಿ ಪ್ರಕಟಿಸಿದನು. ನಮ್ಮ ದೇಶದಲ್ಲಿ ಮನೆಮನೆಯ ಖರ್ಚನ್ನು ಕ್ರಮವಾಗಿ ಅಳೆಯುವ ರಾಷ್ಟ್ರೀಯ ಮಾದರಿ ಸಮೀಕ್ಷೆಯು ೧೯೫೦ರಲ್ಲಿ ಆರಂಭವಾಯಿತು. ಅದಕ್ಕೆ ಕಾರಣರಾದ ಪ್ರಶಾಂತಚಂದ್ರ ಮಹಲನೋಬಿಸ್ ಅವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದವರು. ಆ ಸಮೀಕ್ಷೆಯ ೨೦೨೨-೨೩ರ ಲೆಕ್ಕದಂತೆ, ಭಾರತದ ನಗರವಾಸಿಗಳ ಖರ್ಚಿನಲ್ಲಿ ಸುಮಾರು ಶೇಕಡ ೩೯ರಷ್ಟು, ಗ್ರಾಮವಾಸಿಗಳ ಖರ್ಚಿನಲ್ಲಿ ಸುಮಾರು ಶೇಕಡ ೪೬ರಷ್ಟು ಆಹಾರಕ್ಕೆ ಹೋಗುತ್ತಿತ್ತು. ದೇಶದ ಖರ್ಚನ್ನು ಇಷ್ಟು ಶ್ರದ್ಧೆಯಿಂದ ಅಳೆಯುವ ನಾವು ನಮ್ಮ ಮನೆಯ ಖರ್ಚನ್ನು ಮಾತ್ರ ಊಹೆಗೆ ಬಿಟ್ಟಿರುವುದು ಸೋಜಿಗವಲ್ಲವೆ?

ಕಾಲುವೆಯ ಪಾಠ

ಹಂಚಿಕೆಯ ವಿದ್ಯೆಯನ್ನು ಕಲಿಯುವುದಕ್ಕೆ ಬಳ್ಳಾರಿಯವರು ದೂರ ಹೋಗಬೇಕಾಗಿಲ್ಲ. ತುಂಗಭದ್ರಾ ಅಣೆಕಟ್ಟಿನಿಂದ ಹೊರಟ ಬಲದಂಡೆಯ ಕೆಳಮಟ್ಟದ ಕಾಲುವೆಯು ನಮ್ಮ ತಾಲ್ಲೂಕನ್ನೂ ಸಿರುಗುಪ್ಪವನ್ನೂ ಹಾದು ಆಂಧ್ರದ ಕರ್ನೂಲು ಸೀಮೆಗೆ ಹೋಗುತ್ತದೆ. ಒಂದು ಜಲಾಶಯ, ಅನೇಕ ಪಾಲುದಾರರು. ಇದರ ಮೇಲ್ವಿಚಾರಣೆಗೆಂದು ೧೯೫೩ರಲ್ಲಿ ತುಂಗಭದ್ರಾ ಮಂಡಳಿ ಏರ್ಪಟ್ಟಿತು. ಮುಂದೆ ಬಚಾವತ್ ನ್ಯಾಯಮಂಡಳಿಯು ಈ ಯೋಜನೆಗೆ ೨೩೦ ಟಿಎಂಸಿ ನೀರೆಂದು ಗೊತ್ತುಮಾಡಿತು. ಒಂದು ಟಿಎಂಸಿಯೆಂದರೆ ನೂರು ಕೋಟಿ ಘನ ಅಡಿ. ಅದರಲ್ಲಿ ೧೮ ಟಿಎಂಸಿಯನ್ನು ಬಿಸಿಲಿಗೆ ಆವಿಯಾಗಿ ಹೋಗುವ ನೀರಿಗೆಂದೇ ತೆಗೆದಿಟ್ಟು, ಮಿಕ್ಕ ೨೧೨ರಲ್ಲಿ ಕರ್ನಾಟಕಕ್ಕೆ ೧೩೮.೯೯, ಅವಿಭಕ್ತ ಆಂಧ್ರಪ್ರದೇಶಕ್ಕೆ ೭೩.೦೧ ಎಂದು ಪಾಲುಹಾಕಿತು. ಎಲ್ಲ ವರ್ಷವೂ ಅಷ್ಟು ನೀರು ಬರುವುದಿಲ್ಲ. ಕಡಮೆ ಬಂದ ವರ್ಷ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ.

ಈ ಏರ್ಪಾಟಿನಲ್ಲಿ ಮನೆಯವರು ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದಾಗಿ, ಇಬ್ಬರೂ ನಂಬುವ ಅಳತೆಯ ಪಟ್ಟಿಯೊಂದು ಉಂಟು. ಬಾಯಿಮಾತಿನಲ್ಲಿ ನೀರು ಹಂಚುವುದಿಲ್ಲ. ಎರಡನೆಯದಾಗಿ, ತಪ್ಪಿಸಲಾಗದ ನಷ್ಟವನ್ನು ಮೊದಲೇ ಕಳೆದು ಅನಂತರ ಪಾಲುಮಾಡುತ್ತಾರೆ. ಮೂರನೆಯದಾಗಿ, ಅಳತೆಯನ್ನು ಒಮ್ಮೆ ಮಾಡಿ ಕೈಬಿಡುವುದಿಲ್ಲ. ಕಟ್ಟಿದಾಗ ಸುಮಾರು ೧೩೩ ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬುತ್ತ ಬಂದು, ೨೦೧೬ರ ಸಮೀಕ್ಷೆಯಲ್ಲಿ ಅದರ ಸಾಮರ್ಥ್ಯ ೧೦೫.೭೮೮ ಟಿಎಂಸಿ ಎಂದು ತಿಳಿದುಬಂದಿತು. ಹಳೆಯ ಅಂಕಿಯನ್ನೇ ನಂಬಿ ನೀರು ಬಿಟ್ಟಿದ್ದರೆ ಬೆಳೆ ಒಣಗುತ್ತಿತ್ತು. ಮದುವೆಯ ವರ್ಷ ಬರೆದಿಟ್ಟ ಲೆಕ್ಕದಲ್ಲಿಯೇ ಐದು ವರ್ಷ ಸಂಸಾರ ನಡೆಸುವವರು ಹೂಳನ್ನು ಮರೆತವರು.

ಇಷ್ಟೆಲ್ಲ ಇದ್ದರೂ ಕಾಲುವೆಯ ಕೊನೆಯ ಭಾಗದ ರೈತರು, ತಮ್ಮ ಹೊಲಕ್ಕೆ ನೀರು ಮುಟ್ಟಲಿಲ್ಲವೆಂದು ಗೋಳಾಡುವುದನ್ನು ನಾವು ಬೇಸಗೆ ಬೇಸಗೆಗೂ ಕೇಳುತ್ತೇವೆ. ಕಾಗದದ ಮೇಲೆ ಅವರ ಪಾಲು ಇರುತ್ತದೆ. ತೂಬಿನಲ್ಲಿ ಬಿಟ್ಟ ನೀರಿಗೂ ಲೆಕ್ಕವಿರುತ್ತದೆ. ಹೊಲ ಮಾತ್ರ ಒಣಗಿರುತ್ತದೆ. ಹಂಚಿಕೆಯ ನ್ಯಾಯವನ್ನು ತೂಬಿನ ಬಾಯಲ್ಲಿ ನೋಡಿದರೆ ಸಾಲದು, ಕೊನೆಯ ಹೊಲದಲ್ಲಿ ನೋಡಬೇಕು. ಮನೆಯ ಖರ್ಚಿನಲ್ಲಿಯೂ ಹಾಗೆಯೇ. ಯಾರು ಎಷ್ಟು ಕೊಟ್ಟರು ಎಂಬುದು ತೂಬಿನ ಲೆಕ್ಕ. ಕೊಟ್ಟ ಮೇಲೆ ಯಾರ ಕೈಯಲ್ಲಿ ಎಷ್ಟು ಉಳಿಯಿತು ಎಂಬುದು ಕೊನೆಯ ಹೊಲದ ಲೆಕ್ಕ. ಈ ಎರಡನೆಯದೇ ನ್ಯಾಯದ ನಿಜವಾದ ಪರೀಕ್ಷೆ.

ರೂಪಾಯಿಯ ಪಾಲು

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಸಿರುಗುಪ್ಪದ ತರುಣನೊಬ್ಬನು ಬಳ್ಳಾರಿ ನಗರದ ಕಚೇರಿಯೊಂದರಲ್ಲಿ ತಿಂಗಳಿಗೆ ೩೦,೦೦೦ ರೂಪಾಯಿ ಸಂಪಾದಿಸುತ್ತಾನೆ. ಅವನ ಹೆಂಡತಿ ಕುರುಗೋಡಿನ ಶಾಲೆಯೊಂದರಲ್ಲಿ ಪಾಠ ಹೇಳಿ ೧೮,೦೦೦ ರೂಪಾಯಿ ತರುತ್ತಾಳೆ. ಮನೆಯ ಸಾಮಾನ್ಯ ಖರ್ಚು ೨೪,೦೦೦ ರೂಪಾಯಿ ಎಂದಿಟ್ಟುಕೊಳ್ಳಿ. ಅರ್ಧರ್ಧವಾದರೆ ಒಬ್ಬೊಬ್ಬರೂ ೧೨,೦೦೦ ಕೊಡತಕ್ಕದ್ದು. ಅವನ ಆದಾಯದಲ್ಲಿ ಅದು ಐದರಲ್ಲಿ ಎರಡು ಪಾಲು. ಅವಳದರಲ್ಲಿ ಮೂರರಲ್ಲಿ ಎರಡು ಪಾಲು. ಕೊನೆಗೆ ಅವನ ಕೈಯಲ್ಲಿ ೧೮,೦೦೦, ಅವಳ ಕೈಯಲ್ಲಿ ೬,೦೦೦ ಉಳಿಯುತ್ತದೆ. ಹಾಕಿದ್ದು ಸಮ, ಉಳಿದದ್ದು ಮೂರಕ್ಕೆ ಒಂದು. ಹತ್ತು ವರ್ಷ ಹೀಗೆಯೇ ನಡೆದರೆ ನಿವೇಶನ ಅವನ ಹೆಸರಿನಲ್ಲಿ, ವಾಹನ ಅವನ ಹೆಸರಿನಲ್ಲಿ, ಉಳಿತಾಯದ ಪುಸ್ತಕ ಅವನ ಹೆಸರಿನಲ್ಲಿ ಇರುತ್ತದೆ. ಅವಳ ಹಣವೆಲ್ಲ ಉಂಡು ಕರಗಿಹೋಗಿರುತ್ತದೆ. ಇದರಲ್ಲಿ ಯಾರೂ ಯಾರಿಗೂ ಮೋಸಮಾಡಲಿಲ್ಲವೆಂಬುದನ್ನು ಗಮನಿಸಬೇಕು. ಸೂತ್ರವೇ ಕೆಲಸಮಾಡಿತು.

ಆದಾಯದ ಪ್ರಮಾಣದಲ್ಲಿ ಹಂಚಿದರೆ, ಐದಕ್ಕೆ ಮೂರರಂತೆ, ಅವನು ೧೫,೦೦೦ವನ್ನೂ ಅವಳು ೯,೦೦೦ವನ್ನೂ ಕೊಡುತ್ತಾರೆ. ಉಳಿಯುವುದೂ ೧೫,೦೦೦ ಮತ್ತು ೯,೦೦೦. ಇದು ಕಾಲುವೆಯ ಕ್ರಮಕ್ಕೆ ಹತ್ತಿರವಾದದ್ದು. ಎರಡು ಆದಾಯವನ್ನೂ ಒಂದೇ ಪೆಟ್ಟಿಗೆಗೆ ಹಾಕಿ, ಖರ್ಚು ಕಳೆದ ಮೇಲೆ ಉಳಿದ ೨೪,೦೦೦ವನ್ನು ತಲೆಗೆ ೧೨,೦೦೦ದಂತೆ ಹಂಚಿಕೊಳ್ಳುವ ಮನೆಗಳೂ ಉಂಟು. ಈ ಎರಡರಲ್ಲಿ ಯಾವುದನ್ನು ಆರಿಸಿದರೂ ನಮಗೆ ಆಕ್ಷೇಪವಿಲ್ಲ. ಆದರೆ ಆದಾಯಗಳು ಅಸಮವಾಗಿರುವಾಗ ಖರ್ಚನ್ನು ಸಮವಾಗಿ ಕಡಿಯುವುದನ್ನು ಮಾತ್ರ ನ್ಯಾಯವೆಂದು ಕರೆಯಲಾಗದು.

ಇಲ್ಲಿ ಒಂದು ತೊಡಕಿದೆ. ಊರಿನಲ್ಲಿರುವ ತಂದೆತಾಯಿಗಳಿಗೆ ಕಳುಹಿಸುವ ಹಣ ಯಾವ ಲೆಕ್ಕಕ್ಕೆ ಸೇರಬೇಕು? ಅದು ಆವಿಯಾಗಿ ಹೋಗುವ ನೀರಲ್ಲ, ನಿಜ. ಆದರೆ ಅದರಂತೆ ಮೊದಲೇ ಕಳೆಯತಕ್ಕದ್ದು. ಅವನು ಸಿರುಗುಪ್ಪಕ್ಕೆ ೬,೦೦೦ ಕಳುಹಿಸಿ, ಅವಳು ತನ್ನ ತವರಿಗೆ ೨,೦೦೦ ಕಳುಹಿಸಿದರೆ, ಹಂಚಿಕೆಗೆ ಉಳಿಯುವ ಆದಾಯ ೨೪,೦೦೦ ಮತ್ತು ೧೬,೦೦೦. ಪ್ರಮಾಣವು ಮೂರಕ್ಕೆ ಎರಡಾಗಿ, ಅವನ ಪಾಲು ೧೪,೪೦೦, ಅವಳ ಪಾಲು ೯,೬೦೦ ಆಗುತ್ತದೆ. ಎಂದರೆ, ಅತ್ತೆಮಾವಂದಿರಿಗೆ ಹೋದ ಹಣದಲ್ಲಿ ೬೦೦ ರೂಪಾಯಿಯ ಭಾರವನ್ನು ಸೊಸೆಯೂ ಹೊತ್ತಂತಾಯಿತು. ಇದು ತಪ್ಪಲ್ಲ, ಆದರೆ ಅವಳಿಗೆ ತಿಳಿದು, ಅವಳು ಒಪ್ಪಿ ಆಗಬೇಕಾದ ಕೆಲಸ. ಮಗನ ಮನೆಗೆ ಯಾವ ನಿಯಮವೊ ಮಗಳ ತವರಿಗೂ ಅದೇ ನಿಯಮವಿರಬೇಕು. ಗಂಡನು ತಂದೆತಾಯಿಗೆ ಕಳುಹಿಸಿದರೆ ಕರ್ತವ್ಯ, ಹೆಂಡತಿ ಕಳುಹಿಸಿದರೆ ದುಂದು ಎನ್ನುವ ಮನೆಯಲ್ಲಿ ತಕ್ಕಡಿಯೇ ಡೊಂಕು. ಅಲ್ಲಿ ತೂಗುವುದರಿಂದ ಪ್ರಯೋಜನವಿಲ್ಲ.

ಹಣದ ರೂಪದಲ್ಲಿ ಬಾರದ ವಸ್ತುಗಳನ್ನೂ ಮರೆಯಲಾಗದು. ಸಿರುಗುಪ್ಪದ ಗದ್ದೆಯಿಂದ ಸೋನಾ ಮಸೂರಿಯ ಒಂದು ಮೂಟೆ ಬಂದರೆ, ಕುರುಗೋಡಿನಿಂದ ಒಣಮೆಣಸಿನಕಾಯಿ ಬಂದರೆ, ಆ ದಿನದ ಪೇಟೆಯ ಧಾರಣೆಯಲ್ಲಿ ಬೆಲೆಕಟ್ಟಿ ತಂದವರ ಹೆಸರಿನಲ್ಲಿ ಬರೆದುಕೊಳ್ಳುವುದು ವಿಹಿತ. ಅದು ಬಂಧುಗಳಿಗೆ ಬೆಲೆಕಟ್ಟಿದಂತಲ್ಲ. ಅವರ ಬೆವರನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ.

ಕೊನೆಯ ಯೂನಿಟ್ಟು ಯಾರದು?

ಇನ್ನು ಮನೆಯ ಜಗಳಗಳಲ್ಲಿ ಅಗ್ರಸ್ಥಾನವನ್ನು ಪಡೆದಿರುವ ವಿದ್ಯುತ್ತಿನ ಬಿಲ್ಲನ್ನು ನೋಡೋಣ. ಬಿಲ್ಲಿನಲ್ಲಿ ಯೂನಿಟ್ಟು ಎಂದು ಬರೆದಿರುವುದು ಒಂದು ಕಿಲೋವಾಟ್‌ಗಂಟೆ. ಎಂದರೆ ೩೬ ಲಕ್ಷ ಜೂಲ್ ಶಕ್ತಿ. ೭೫ ವಾಟಿನ ಹಳೆಯ ಮಾದರಿಯ ಫ್ಯಾನು ದಿನಕ್ಕೆ ೧೦ ಗಂಟೆ ತಿರುಗಿದರೆ ಮುಕ್ಕಾಲು ಯೂನಿಟ್ಟು ಉರಿಯುತ್ತದೆ. ಎರಡು ಫ್ಯಾನುಗಳಿಗೆ ತಿಂಗಳಿಗೆ ೪೫ ಯೂನಿಟ್ಟು. ಸುಮಾರು ೩೦ ವಾಟು ಎಳೆಯುವ ಹೊಸ ಮಾದರಿಯ ಫ್ಯಾನುಗಳಾದರೆ ೧೮ ಯೂನಿಟ್ಟು ಸಾಕು.

೨೦೨೩ರಲ್ಲಿ ಕರ್ನಾಟಕ ಸರ್ಕಾರವು ಗೃಹಜ್ಯೋತಿ ಯೋಜನೆಯನ್ನು ಆರಂಭಿಸಿದಾಗ, ೨೦೦ ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ ೧೦ನ್ನು ಸೇರಿಸಿ ಅಷ್ಟನ್ನು ಉಚಿತವೆಂದು ಗೊತ್ತುಮಾಡಿತು. ಹಿಂದಿನ ವರ್ಷದ ಲೆಕ್ಕವೇ ಇಲ್ಲದ ಹೊಸ ಮನೆಗಳಿಗೆ, ರಾಜ್ಯದ ಸರಾಸರಿಯಾದ ೫೩ ಯೂನಿಟ್ಟಿಗೆ ಶೇಕಡ ೧೦ ಸೇರಿಸಿ, ೫೮ ಯೂನಿಟ್ಟು ಎಂದು ಆಗ ನಿಗದಿಯಾಯಿತು. ಉಚಿತದ ಪಾಲನ್ನು ದಾಟಿದರೆ ಹೆಚ್ಚಾದಷ್ಟಕ್ಕೆ ಮಾತ್ರ ಹಣ. ೨೦೦ನ್ನು ದಾಟಿದರೆ ಪೂರ್ತಿ ಬಿಲ್ಲು. ಲೆಕ್ಕದ ಅನುಕೂಲಕ್ಕೆ ಯೂನಿಟ್ಟಿಗೆ ೬ ರೂಪಾಯಿ ಎಂದು ಊಹಿಸಿ, ಸ್ಥಿರ ಶುಲ್ಕವನ್ನು ಬಿಟ್ಟುಬಿಡೋಣ. ೫೮ ಯೂನಿಟ್ಟಿನ ಹಕ್ಕುಳ್ಳ ಮನೆಯವರು ೨೦೦ ಯೂನಿಟ್ಟು ಬಳಸಿದರೆ ೧೪೨ ಯೂನಿಟ್ಟಿಗೆ ೮೫೨ ರೂಪಾಯಿ. ೨೦೧ ಬಳಸಿದರೆ ೧,೨೦೬ ರೂಪಾಯಿ. ಒಂದು ಯೂನಿಟ್ಟಿಗೆ ೩೫೪ ರೂಪಾಯಿಯ ಜಿಗಿತ!

ಆ ತಿಂಗಳು ಮನೆಯಲ್ಲಿ ಏನಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. "ನೀನು ರಾತ್ರಿ ಇಸ್ತ್ರಿ ಮಾಡಿದ್ದರಿಂದ," "ನೀವು ದೀಪ ಹಾಕಿ ಮಲಗಿದ್ದರಿಂದ" ಎಂದು ಆ ಕೊನೆಯ ಯೂನಿಟ್ಟನ್ನು ಒಬ್ಬರ ತಲೆಗೊಬ್ಬರು ಕಟ್ಟತೊಡಗುತ್ತಾರೆ. ಭೌತವಿಜ್ಞಾನದ ದೃಷ್ಟಿಯಿಂದ ಇದು ನಿರರ್ಥಕವಾದ ಜಗಳ. ಮೀಟರಿನಲ್ಲಿ ಕೊನೆಯ ಯೂನಿಟ್ಟಿಗೆ ಬೇರೆ ಬಣ್ಣವಿಲ್ಲ. ಅಂಚಿನವರೆಗೆ ತುಂಬಿದ ಪಾತ್ರೆಯಿಂದ ನೀರು ಚೆಲ್ಲಿದರೆ, ತಪ್ಪು ಕಟ್ಟಕಡೆಯ ಹನಿಯದೆ? ಮೊದಲ ಹನಿಗೂ ಅಷ್ಟೇ ಪಾಲು ಉಂಟು. ಆದುದರಿಂದ ಎರಡನೂರು ಯೂನಿಟ್ಟಿಗೂ ಇಬ್ಬರೂ ಹೊಣೆ. ತಿಂಗಳ ಹದಿನೈದನೆಯ ದಿನ ಮೀಟರನ್ನು ಓದಿಕೊಂಡಿದ್ದರೆ ಈ ಮಾತೇ ಹುಟ್ಟುತ್ತಿರಲಿಲ್ಲ.

ಭೌತವಿಜ್ಞಾನ ಅಳೆಯಲಾರದ ಕೆಲಸ

ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ಮುಂದಿನ ಉದಾಹರಣೆ ಬೇಗ ತಿಳಿದೀತು. ನಮ್ಮ ಬೇಸಗೆ ಬಿಸಿಯಾದದ್ದು ಮಾತ್ರವಲ್ಲ, ಒಣಗಿದ್ದು. ಒಣಹವೆಯಲ್ಲಿ ನೀರು ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಪ್ರತಿ ಕಿಲೋಗ್ರಾಂ ನೀರು ಸುಮಾರು ೨೪ ಲಕ್ಷ ಜೂಲ್ ಉಷ್ಣವನ್ನು ಗಾಳಿಯಿಂದ ಹೀರಿಕೊಳ್ಳುತ್ತದೆ. ಗಂಟೆಗೆ ೫ ಲೀಟರ್ ನೀರನ್ನು ಆವಿಯಾಗಿಸುವ ಕೂಲರು ಗಂಟೆಗೆ ೧೨೦ ಲಕ್ಷ ಜೂಲ್, ಎಂದರೆ ಮೂರಕ್ಕಿಂತ ಹೆಚ್ಚು ಯೂನಿಟ್ಟಿನಷ್ಟು ಉಷ್ಣವನ್ನು ಹೀರುತ್ತದೆ. ಅದರ ಫ್ಯಾನು ಪಂಪುಗಳಿಗೆ ತಗಲುವುದು ೧೮೦ ವಾಟು ಎಂದಿಟ್ಟುಕೊಂಡರೆ, ದಿನಕ್ಕೆ ೮ ಗಂಟೆಯಂತೆ ತಿಂಗಳಿಗೆ ೪೩ ಯೂನಿಟ್ಟು. ಒಂದು ಕಿಲೋವಾಟು ಎಳೆಯುವ ಹವಾನಿಯಂತ್ರಕವು ಬಿಡುವಿಲ್ಲದೆ ಅಷ್ಟೇ ಹೊತ್ತು ನಡೆದರೆ ೨೪೦ ಯೂನಿಟ್ಟು. ಆದಕಾರಣ ಬಳ್ಳಾರಿಯ ಹೊಸ ಮನೆಗೆ ಕೂಲರೇ ಮೇಲೆಂದು ನಾವು ಹೇಳಬೇಕಾಗುತ್ತದೆ.

ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಗಂಟೆಗೆ ೫ ಲೀಟರಿನಂತೆ ೮ ಗಂಟೆಗೆ ೪೦ ಲೀಟರ್ ನೀರು ಬೇಕು. ನಲ್ಲಿಯ ನೀರು ಬಂದ ದಿನ ಹಿಡಿದಿಟ್ಟು, ದಿನವೂ ನಾಲ್ಕು ಕೊಡ ತಂದು ಕೂಲರಿಗೆ ಹೊಯ್ಯುವವರು ಯಾರು? ವಿದ್ಯುತ್ತಿನ ಬಿಲ್ಲು ತಗ್ಗಿತೆಂದು ಹಿಗ್ಗುವವರು ಒಬ್ಬರು, ಕೊಡ ಹೊರುವವರು ಇನ್ನೊಬ್ಬರು ಆಗಿರುವುದು ಅಪರೂಪವಲ್ಲ. ಈ ಹೊರುವ ಕೆಲಸವನ್ನು ನಮ್ಮ ಪಠ್ಯಪುಸ್ತಕದ ಸೂತ್ರದಿಂದ ಅಳೆದುನೋಡಿ. ಬಲವನ್ನು, ಬಲದ ದಿಕ್ಕಿನಲ್ಲಾದ ಸ್ಥಾನಪಲ್ಲಟದಿಂದ ಗುಣಿಸಿದರೆ ಬರುವುದೇ ಕೆಲಸ. ೪೦ ಕಿಲೋಗ್ರಾಂ ನೀರನ್ನು ಒಂದು ಮೀಟರ್ ಎತ್ತಿದರೆ ಆಗುವ ಕೆಲಸ ೩೯೨ ಜೂಲ್. ಒಂದು ಯೂನಿಟ್ಟಿನ ಒಂಬತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಮೆ! ತುಂಬಿದ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಸಮತಟ್ಟಾದ ಅಂಗಳದಲ್ಲಿ ನಡೆದರೆ, ಭಾರವನ್ನು ಎತ್ತಿಹಿಡಿದ ಬಲ ಮಾಡಿದ ಕೆಲಸ ಸೂತ್ರದಂತೆ ಸೊನ್ನೆ. ಇದನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ನಗುತ್ತಾರೆ; ನೀರು ಹೊತ್ತು ಅಭ್ಯಾಸವಿರುವ ವಿದ್ಯಾರ್ಥಿನಿಯರು ನಗುವುದಿಲ್ಲ.

ಸೂತ್ರದಲ್ಲಿ ದೋಷವಿಲ್ಲ. ವಸ್ತುವಿಗೆ ವರ್ಗವಾದ ಶಕ್ತಿಯನ್ನು ಅಳೆಯುವುದಕ್ಕೆ ಅದು ಹುಟ್ಟಿತು, ಮನುಷ್ಯನ ದಣಿವನ್ನು ಅಳೆಯುವುದಕ್ಕಲ್ಲ. ತಪ್ಪು ಉಪಕರಣದಿಂದ ಅಳೆದು, ಮುಳ್ಳು ಅಲುಗಲಿಲ್ಲವಾದ ಕಾರಣ ಅಲ್ಲೇನೂ ಇಲ್ಲವೆಂದು ಸಾರುವುದು ಅವೈಜ್ಞಾನಿಕ. ಜೂಲಿಗೆ ಸಿಕ್ಕದ ಈ ದುಡಿಮೆ ರೂಪಾಯಿಗೂ ಸಿಕ್ಕುವುದಿಲ್ಲ, ಏಕೆಂದರೆ ಅದಕ್ಕೆ ಯಾರೂ ಬಿಲ್ಲು ಕಳುಹಿಸುವುದಿಲ್ಲ. ಅದು ಸಿಕ್ಕುವುದು ಗಡಿಯಾರಕ್ಕೆ ಮಾತ್ರ.

ಗಡಿಯಾರದಿಂದ ಅಳೆದ ಲೆಕ್ಕವೂ ನಮ್ಮ ಮುಂದಿದೆ. ೨೦೧೯ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು ದೇಶದಾದ್ಯಂತ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬುದರ ಸಮೀಕ್ಷೆ ನಡೆಸಿತು. ೬ ವರ್ಷ ಮೇಲ್ಪಟ್ಟವರಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ಕೈಹಾಕಿದವರನ್ನು ಮಾತ್ರ ತೆಗೆದುಕೊಂಡರೆ, ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನೂ ಗಂಡಸರು ೯೭ ನಿಮಿಷಗಳನ್ನೂ ಕೊಡುತ್ತಿದ್ದರು. ೨೦೨೧ರ ಜನವರಿಯಲ್ಲಿ, ರಸ್ತೆ ಅಪಘಾತದ ಪರಿಹಾರಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ, ಗೃಹಿಣಿಯ ದುಡಿಮೆಗೆ ಆರ್ಥಿಕ ಬೆಲೆಯಿದೆಯೆಂದು ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯವು ಈ ಸಮೀಕ್ಷೆಯನ್ನು ಉಲ್ಲೇಖಿಸಿತು. ಬದುಕಿದ್ದಾಗ ಮನೆಯವರು ಬರೆಯದ ಲೆಕ್ಕವನ್ನು, ಸತ್ತ ಮೇಲೆ ನ್ಯಾಯಾಧೀಶರು ಬರೆಯಬೇಕಾಗಿ ಬಂದುದು ಎಂಥ ವಿಪರ್ಯಾಸ!

ಈಗ ನಮ್ಮ ಕಲ್ಪಿತ ದಂಪತಿಗಳ ಗಡಿಯಾರವನ್ನು ನೋಡೋಣ. ಅವನಿಗೆ ಕಚೇರಿ ೮ ಗಂಟೆ, ಹೋಗಿಬರುವುದಕ್ಕೆ ೧ ಗಂಟೆ, ಮನೆಗೆಲಸ ೧ ಗಂಟೆ; ಒಟ್ಟು ೧೦. ಅವಳಿಗೆ ಶಾಲೆ ೭ ಗಂಟೆ, ಕುರುಗೋಡಿಗೆ ಹೋಗಿಬರುವುದಕ್ಕೆ ೨ ಗಂಟೆ, ಮನೆಗೆಲಸ ೪ ಗಂಟೆ, ಒಟ್ಟು ೧೩. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲವಾಯಿತು. ಅದರಿಂದ ಅವಳ ಪ್ರಯಾಣವು ರೂಪಾಯಿಯ ಕಾಲಮಿನಲ್ಲಿ ಸೊನ್ನೆ. ಗಂಟೆಯ ಕಾಲಮಿನಲ್ಲಿ ಮಾತ್ರ ಎರಡು ಎರಡಾಗಿಯೇ ಉಳಿಯಿತು. ಒಂದೇ ಕಾಲಮಿರುವ ಪುಸ್ತಕದಲ್ಲಿ ಇದು ಎಲ್ಲಿಯೂ ಕಾಣದು.

ಈ ಮೂರು ಗಂಟೆಯ ವ್ಯತ್ಯಾಸವನ್ನು ಹಣದಿಂದ ತುಂಬಿಕೊಡಬಹುದಲ್ಲವೆ ಎಂದು ಕೆಲವರು ವಾದಿಸುತ್ತಾರೆ: ಅವಳು ಹೆಚ್ಚು ಕೆಲಸಮಾಡಲಿ, ಅವನು ಹೆಚ್ಚು ಹಣ ಕೊಡಲಿ. ಈ ವಾದವನ್ನು ನಾವು ಒಪ್ಪಲಾರೆವು. ಹೆಚ್ಚು ಸಂಬಳದವನು ಹಣ ಕೊಟ್ಟು ಮನೆಗೆಲಸದಿಂದ ಬಿಡುಗಡೆ ಕೊಳ್ಳುವುದು ಒಮ್ಮೆ ರೂಢಿಯಾದರೆ, ಕಡಮೆ ಸಂಬಳದವಳಿಗೆ ಮುಂದಿನ ಪರೀಕ್ಷೆಗೆ ಓದುವುದಕ್ಕೆ, ಬಡತಿ ಪಡೆಯುವುದಕ್ಕೆ ಹೊತ್ತೇ ಸಿಗುವುದಿಲ್ಲ. ಹೊತ್ತಿಲ್ಲದ ಕಾರಣ ಸಂಬಳ ಏರುವುದಿಲ್ಲ; ಸಂಬಳ ಏರದ ಕಾರಣ ಹೊತ್ತು ಸಿಗುವುದಿಲ್ಲ. ಗಂಟೆಯ ಸಾಲವನ್ನು ಗಂಟೆಯಿಂದಲೇ ತೀರಿಸತಕ್ಕದ್ದು. ಒಂದೂವರೆ ಗಂಟೆಯ ಕೆಲಸ ಅವಳ ಕೈಯಿಂದ ಅವನ ಕೈಗೆ ಬಂದರೆ ಇಬ್ಬರದೂ ಹನ್ನೊಂದೂವರೆ ಗಂಟೆಯಾಗುತ್ತದೆ. ಕೂಲರಿಗೆ ನೀರು ತುಂಬಿ, ಪಾತ್ರೆ ತೊಳೆದು, ಬೆಳಗಿನ ತರಕಾರಿ ಹೆಚ್ಚಿದರೆ ಒಂದೂವರೆ ಗಂಟೆ ಮುಗಿಯಿತು. ಇದಕ್ಕೆ ವಿಶೇಷ ಪಾಂಡಿತ್ಯವೇನೂ ಬೇಕಾಗಿಲ್ಲ.

ಪ್ರೀತಿಯಿರುವಲ್ಲಿ ಲೆಕ್ಕವೇಕೆ?

ನಮ್ಮ ಮಾತಿಗೆ ಹಿರಿಯರಿಂದ ಬರುವ ದೊಡ್ಡ ಆಕ್ಷೇಪ ಇದು: ಸಂಸಾರವೇನು ಅಂಗಡಿಯೆ? ಪ್ರೀತಿಯಿರುವಲ್ಲಿ ಲೆಕ್ಕವೇಕೆ? ಇದರಲ್ಲಿ ಸತ್ಯಾಂಶವಿದೆ. ವರ್ನಿಯರ್ ಮಾಪಕವು ಮಿಲಿಮೀಟರಿನ ಹತ್ತನೆಯ ಒಂದು ಪಾಲನ್ನು ತೋರಿಸುತ್ತದೆ. ಹಾಗೆಂದು ಅದರಿಂದ ಯಾರೂ ಹೊಲ ಅಳೆಯುವುದಿಲ್ಲ. ಮನೆಯ ಲೆಕ್ಕದ ಸೂಕ್ಷ್ಮತೆಗೂ ಒಂದು ಮಿತಿಯನ್ನು ಹಾಕಿಕೊಳ್ಳಬೇಕು. ನೂರು ರೂಪಾಯಿಗೆ ಕಡಮೆಯಾದದ್ದನ್ನು, ಕಾಲು ಗಂಟೆಗೆ ಕಡಮೆಯಾದದ್ದನ್ನು ಬರೆಯದೆ ಬಿಡಬಹುದು. ಒಬ್ಬೊಬ್ಬರ ಕೈಯಲ್ಲಿಯೂ ಮತ್ತೊಬ್ಬರು ಕೇಳಕೂಡದ ಒಂದಿಷ್ಟು ಹಣವಿರಬೇಕು. ಲೆಕ್ಕದ ಪುಸ್ತಕವು ಇಬ್ಬರೂ ಬರೆಯುವ, ಇಬ್ಬರೂ ಓದುವ ಪುಸ್ತಕವಾಗಿರಬೇಕೇ ಹೊರತು, ಒಬ್ಬರು ಮತ್ತೊಬ್ಬರ ಮೇಲೆ ಇಟ್ಟ ಕಾವಲಾಗಬಾರದು.

ಆದರೆ ಲೆಕ್ಕವಿಲ್ಲದ ಮನೆಯಲ್ಲಿ ಲೆಕ್ಕವೇ ನಡೆಯುವುದಿಲ್ಲವೆಂದು ತಿಳಿಯುವುದು ಭ್ರಮೆ. ಅಲ್ಲಿಯೂ ಪ್ರತಿಯೊಬ್ಬರೂ ಮನಸ್ಸಿನಲ್ಲಿ ಲೆಕ್ಕವಿಡುತ್ತಾರೆ. ತಾವು ಮಾಡಿದ್ದು ಚೆನ್ನಾಗಿ ನೆನಪಿರುತ್ತದೆ, ಎದುರಿನವರು ಮಾಡಿದ್ದು ಕಣ್ಣಿಗೆ ಬಿದ್ದಷ್ಟು ಮಾತ್ರ. ಎರಡು ಗುಟ್ಟಿನ ಲೆಕ್ಕಗಳು ಎಂದೂ ತಾಳೆಯಾಗವು. ಬರೆದ ಲೆಕ್ಕ ಪ್ರೀತಿಯನ್ನು ಕೆಡಿಸುವುದಿಲ್ಲ, ಸಂಶಯವನ್ನು ಕೆಡಿಸುತ್ತದೆ.

ಹೊಸ ಮನೆಯವರು ಮಾಡತಕ್ಕದ್ದು ಇಷ್ಟೆ. ಮೊದಲ ಮೂರು ತಿಂಗಳು ಏನನ್ನೂ ನಿಷ್ಕರ್ಷೆಮಾಡದೆ ಬರಿದೆ ಅಳೆಯಿರಿ: ರೂಪಾಯಿಗೆ ಒಂದು ಕಾಲಮು, ಗಂಟೆಗೆ ಒಂದು ಕಾಲಮು. ೧೪.೨ ಕಿಲೋಗ್ರಾಮಿನ ಅನಿಲದ ಸಿಲಿಂಡರನ್ನು ಹಚ್ಚಿದ ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಗುರುತುಹಾಕಿ. ಬಾಡಿಗೆಯ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ. ಮುಂಗಡವನ್ನು ಯಾರು ಎಷ್ಟು ಕೊಟ್ಟರೆಂಬುದು ಬರೆಹದಲ್ಲಿರಲಿ. ನಾಲ್ಕನೆಯ ತಿಂಗಳು ಕುಳಿತು, ಉಳಿದ ಹಣವೂ ಉಳಿದ ಹೊತ್ತೂ ಯಾರಲ್ಲಿ ಎಷ್ಟಿವೆಯೆಂದು ನೋಡಿ ಪಾಲನ್ನು ಗೊತ್ತುಮಾಡಿ. ಸಂಬಳ ಬದಲಾದಾಗ, ಮಗು ಬಂದಾಗ, ಒಬ್ಬರ ಕೆಲಸ ಹೋದಾಗ ಮತ್ತೆ ಅಳೆಯಿರಿ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರೆಯ ೧೯ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದುದನ್ನು ನಮ್ಮ ಜಿಲ್ಲೆ ಮರೆಯಲಾರದು. ತಾತ್ಕಾಲಿಕ ಗೇಟನ್ನು ಕೂಡಿಸಿ ನೀರನ್ನು ತಡೆಯುವುದಕ್ಕೆ ಸುಮಾರು ಒಂದು ವಾರ ಹಿಡಿಯಿತು. ಮನೆಯ ಗೇಟೂ ಒಂದು ರಾತ್ರಿ ಮುರಿಯಬಹುದು. ಮೂರು ತಿಂಗಳ ಖರ್ಚಿನಷ್ಟು ಹಣವನ್ನು, ಇಬ್ಬರ ಹೆಸರಿನಲ್ಲಿ, ಬೇರೆಯಾಗಿ ಇಟ್ಟಿರುವುದು ಕ್ಷೇಮ.

ಇದು ಮುಂದಿನ ಮಾತಾಯಿತಲ್ಲ, ಈಗ ನಾವೇನು ಮಾಡಬಹುದು ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಒಂದು ಪ್ರಯೋಗವುಂಟು. ಇದಕ್ಕೆ ಪ್ರಯೋಗಶಾಲೆ ಬೇಡ. ಒಂದು ಗಡಿಯಾರ, ಒಂದು ನೋಟುಪುಸ್ತಕ ಸಾಕು. ನಿಮ್ಮ ಮನೆಯಲ್ಲಿ ಏಳು ದಿನಗಳ ಕಾಲ, ಪ್ರತಿಯೊಬ್ಬರೂ ಬೆಳಗ್ಗೆ ಎಷ್ಟು ಗಂಟೆಗೆ ಎದ್ದರು, ಮನೆಯ ಯಾವ ಕೆಲಸವನ್ನು ಎಷ್ಟು ನಿಮಿಷ ಮಾಡಿದರು, ಎಷ್ಟು ಹೊತ್ತು ಸುಮ್ಮನೆ ಕುಳಿತಿದ್ದರು ಎಂಬುದನ್ನು ಬರೆದುಕೊಳ್ಳಿ. ನಿಮ್ಮ ಹೆಸರನ್ನೂ ಬಿಡಬೇಡಿ. ಭಾನುವಾರ ಸಂಜೆ ಮೊತ್ತವನ್ನು ಕೂಡಿ, ಎಲ್ಲರಿಗೂ ಕಾಣುವಂತೆ ಇಡಿ. ವಾದಿಸಬೇಡಿ, ಉಪದೇಶ ಮಾಡಬೇಡಿ. ಅಂಕಿಗಳನ್ನು ಮಾತ್ರ ಓದಿ ಹೇಳಿ. ಆ ರಾತ್ರಿ ಊಟವಾದ ಮೇಲೆ ತಟ್ಟೆಗಳನ್ನು ಯಾರು ಎತ್ತಬೇಕೆಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಲಾರದು.